ಕೋಟಿಶಿಲೆಯ ಭಾರ: ಬಲ, ಮೈತ್ರಿ ಮತ್ತು ಆತ್ಮಜಯ

ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆ ಇಂದು ಸಣ್ಣ ಊರು. ಸಾವಿರ ವರ್ಷಗಳ ಹಿಂದೆ ಅದು ಪನಸೋಗೆ. ದೇಸಿಗಣ ಪುಸ್ತಕಗಚ್ಛದ ಆಚಾರ್ಯ ಪರಂಪರೆಯ ಒಂದು ಶಾಖೆಗೆ ‘ಪನಸೋಗೆ ಬಳಿ’ ಎಂದು ತನ್ನ ಹೆಸರನ್ನೇ ಕೊಟ್ಟ ಕ್ಷೇತ್ರ. ಇಲ್ಲಿ 64 ಬಸದಿಗಳಿದ್ದುವೆಂದು ಶಾಸನಗಳು ಹೇಳುತ್ತವೆ. ಅವುಗಳ ಮೂಲ ಪ್ರತಿಷ್ಠಾಪಕನು ದಶರಥನ ಮಗನೂ ಲಕ್ಷ್ಮಣನ ಅಣ್ಣನೂ ಆದ ರಾಮನೆಂಬ ಐತಿಹ್ಯವನ್ನೂ ಅವು ದಾಖಲಿಸಿವೆ. ಹಳೆಯ ದತ್ತಿಗಳು ಗಂಗರವು. ಮುಂದೆ ಬಸದಿಯನ್ನು ಪುನರ್ನಿರ್ಮಿಸಿದವನು ಈ ಸೀಮೆಯ ಅರಸನಾದ ರಾಜೇಂದ್ರ ಚೋಳ ನನ್ನಿ ಚಂಗಾಳ್ವ.

ಈ ದಾನಿಯ ಹೆಸರನ್ನು ಒಂದು ಕ್ಷಣ ನಿಂತು ಓದಬೇಕು. ಅದರ ಹಿಂಭಾಗ ಅವನ ಸ್ವಂತದ್ದು. ಮುಂಭಾಗ ಅವನ ಅಧಿರಾಜನದು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಇದೇ ಪನಸೋಗೆಯ ಕಾಳಗದಲ್ಲಿ ಚಂಗಾಳ್ವರು ಚೋಳರಿಗೆ ಸೋತರು. ಸೋಲಿಸಿದವನ ಹೆಸರು ಸೋತವನ ಬಿರುದಾಯಿತು. ಚೋಳರ ನಂತರ ಹೊಯ್ಸಳರೊಡನೆ ಕಾಳಗವೂ ಅಧೀನತೆಯೂ ಬಂದುವು, ಆಮೇಲೆ ವಿಜಯನಗರ, ಕೊನೆಗೆ ಮೈಸೂರು. ಅಧಿರಾಜರು ಬದಲಾದರು, ಆಶ್ರಯಿಸಿದ ಮತವೂ ಜೈನದಿಂದ ಶೈವಕ್ಕೆ ಬದಲಾಯಿತು. ಆದರೂ ಈ ಸಣ್ಣ ಮನೆತನ ಆರು ಶತಮಾನಗಳಿಗೂ ಹೆಚ್ಚು ಕಾಲ ಬಾಳಿತು. 1644ರ ಸುಮಾರಿಗೆ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಪಿರಿಯಾಪಟ್ಟಣವನ್ನು ಗೆದ್ದಾಗ ಅದರ ಕಥೆ ಮುಗಿಯಿತು.

ಚಂಗಾಳ್ವರ ಈ ಕಥೆ ಈಚೆಗೆ ನೆನಪಾಗುತ್ತಿರುವುದಕ್ಕೆ ವಿದ್ಯಾರ್ಥಿಗಳ ನಡುವೆ ನಡೆಯುವ ಎರಡು ಬಗೆಯ ಮಾತುಕತೆ ಕಾರಣ. ಮೊದಲನೆಯದು ರಾಷ್ಟ್ರಗಳ ಕೂಟಗಳ ಕುರಿತದ್ದು. ಸುಮಾರು ಎರಡು ನೂರು ವರ್ಷ ಯಾವ ಸೈನಿಕ ಪಕ್ಷಕ್ಕೂ ಸೇರದೆ ಉಳಿದಿದ್ದ ಸ್ವೀಡನ್ 2024ರ ಮಾರ್ಚ್‌ನಲ್ಲಿ ನ್ಯಾಟೋ ಸೇರಿತು. ಫಿನ್ಲೆಂಡ್ ಅದಕ್ಕೂ ಒಂದು ವರ್ಷ ಮೊದಲೇ ಸೇರಿತ್ತು. ಭಾರತವು ಅಮೆರಿಕದೊಡನೆ ಕ್ವಾಡ್‌ನಲ್ಲಿಯೂ ರಷ್ಯಾ-ಚೀನಗಳೊಡನೆ ಬ್ರಿಕ್ಸ್‌ನಲ್ಲಿಯೂ ಕುಳಿತಿದೆ. 2025ರ ಆಗಸ್ಟ್‌ನಲ್ಲಿ, ನಿನ್ನೆಯವರೆಗೆ ಆಪ್ತಮಿತ್ರನೆನಿಸಿದ್ದ ಅಮೆರಿಕವೇ ನಮ್ಮ ಅನೇಕ ಸರಕುಗಳ ಮೇಲಿನ ಸುಂಕವನ್ನು ಶೇ. 50ಕ್ಕೆ ಏರಿಸಿತು, ಅದರ ಅರ್ಧ ರಷ್ಯಾದ ತೈಲ ಕೊಂಡದ್ದಕ್ಕೆ ವಿಧಿಸಿದ ದಂಡ. ಎರಡನೆಯ ಮಾತುಕತೆ ಜಿಮ್‌ನದು. ಹುಣಸೂರು, ಪಿರಿಯಾಪಟ್ಟಣದಂತಹ ಊರುಗಳಲ್ಲಿಯೂ ತರುಣರು ಬೆಳಗಿನ ಐದಕ್ಕೆದ್ದು ಭಾರ ಎತ್ತುತ್ತಾರೆ. ಅವರಲ್ಲಿ ಕೆಲವರಿಗೆ ಅದು ಬರಿಯ ಮೈಕಟ್ಟಲ್ಲ. ಮನಸ್ಸನ್ನು ಗೆಲ್ಲುವ ಸಾಧನೆಯೆಂದೂ ಪ್ರತಿದಿನ ಸ್ವಲ್ಪ ಹೆಚ್ಚು ಭಾರ ಹೊರುವುದೇ ಆತ್ಮಸಂಯಮವೆಂದೂ ಅವರು ಹೇಳುತ್ತಾರೆ.

ಮೇಲ್ನೋಟಕ್ಕೆ ಇವು ಬೇರೆ ಬೇರೆ ವಿಷಯಗಳು. ಎರಡರಲ್ಲಿಯೂ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಬಲ ಯಾರ ವಶದಲ್ಲಿದೆ? ನಮ್ಮ ಪುರಾಣಕವಿಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿದ್ದರು. ಸ್ವಂತ ಬಲವಿಲ್ಲದವನ ಮೈತ್ರಿ ಆಶ್ರಯ ಮಾತ್ರ. ಬಲವಿದ್ದೂ ಅದರ ಮೇಲೆ ಹಿಡಿತವಿಲ್ಲದವನ ಗೆಲುವು ಅವನದೇ ಅಲ್ಲ. ಇದು ನಾನು ಆ ಕಾವ್ಯಗಳಿಂದ ತಿಳಿದುಕೊಂಡದ್ದು; ಇಲ್ಲಿ ಹೇಳಬಯಸುವುದೂ ಇಷ್ಟನ್ನೇ.

ಭಾರವನ್ನೆತ್ತುವುದೂ ಮೈತ್ರಿಯೂ ನೇರವಾಗಿ ಕೂಡುವ ಪ್ರಸಂಗವೊಂದು ಜೈನ ರಾಮಕಥೆಯಲ್ಲಿದೆ. ವಿಮಲಸೂರಿಯ ‘ಪಉಮಚರಿಯ’, ಏಳನೆಯ ಶತಮಾನದ ರವಿಷೇಣಾಚಾರ್ಯರ ‘ಪದ್ಮಪುರಾಣ’ ಇವುಗಳ ಪರಂಪರೆಯಲ್ಲಿ ವಾನರರು ಕಪಿಗಳಲ್ಲ, ವಾನರಧ್ವಜರಾದ ವಿದ್ಯಾಧರರು. ಸೀತೆಯನ್ನು ಒಯ್ದವನು ರಾವಣನೆಂದು ತಿಳಿದೊಡನೆ ಅವರ ಉತ್ಸಾಹ ಉಡುಗುತ್ತದೆ. ರಾಮನಿಂದ ಉಪಕಾರ ಪಡೆದವರೇ ಅವನಿಗೆ ಸೀತೆಯನ್ನು ಮರೆತುಬಿಡುವಂತೆ ಉಪದೇಶಿಸುತ್ತಾರೆ. ಆಗ ಅವರಲ್ಲಿ ಹಿರಿಯನೊಬ್ಬನು ಮುನಿವಚನವೊಂದನ್ನು ನೆನೆಯುತ್ತಾನೆ: ಕೋಟಿಶಿಲೆಯನ್ನು ಎತ್ತಬಲ್ಲವನೇ ರಾವಣನನ್ನು ಕೊಲ್ಲುವವನು. ಅದು ಅಸಂಖ್ಯ ಮುನಿಗಳು ಸಿದ್ಧಪದಕ್ಕೇರಿದ ಬಂಡೆ. ಲಕ್ಷ್ಮಣನು ಅಲ್ಲಿಗೆ ಹೋಗುತ್ತಾನೆ, ಸಿದ್ಧರಿಗೆ ವಂದಿಸುತ್ತಾನೆ, ಬಂಡೆಯನ್ನೆತ್ತುತ್ತಾನೆ. ಆಮೇಲೆಯೇ ವಿದ್ಯಾಧರರ ಸಂದೇಹ ಕರಗಿ ಸೈನ್ಯ ಕೂಡುತ್ತದೆ.

ಕಥೆಯ ರಾಜನೀತಿ ನಿಷ್ಠುರವಾದದ್ದು. ಕೃತಜ್ಞತೆ ಮೈತ್ರಿಯನ್ನು ಆರಂಭಿಸಬಲ್ಲದು, ಸಂಕಟದಲ್ಲಿ ಉಳಿಸಲಾರದು. ಮಿತ್ರರು ಜೊತೆಗೆ ನಿಲ್ಲುವುದು ನಮ್ಮ ಕೈಯಿಂದ ಎಷ್ಟು ಭಾರ ಏಳುತ್ತದೆಂದು ಕಂಡ ಮೇಲೆ. ಆದರೆ ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಲಕ್ಷ್ಮಣನು ಆ ಬಂಡೆಯನ್ನು ಯಾರ ಮೇಲೂ ಎಸೆಯುವುದಿಲ್ಲ. ವಂದಿಸಿ ಎತ್ತಿದ್ದನ್ನು ಅಲ್ಲಿಯೇ ಬಿಟ್ಟು ಬರುತ್ತಾನೆ. ಗರಡಿಮನೆಯಲ್ಲಿ ಪೈಲ್ವಾನನು ಮಟ್ಟಿಯನ್ನು ಮುಟ್ಟಿ ನಮಸ್ಕರಿಸಿ ಇಳಿಯುವುದನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ಇನ್ನೊಂದು ಸಂಗತಿ ಪುನ್ನಾಟಸಂಘದ ಜಿನಸೇನರ ‘ಹರಿವಂಶಪುರಾಣ’ದಲ್ಲಿದೆ. ವಾಸುದೇವರು ಒಂಬತ್ತು ಮಂದಿ. ಪ್ರತಿಯೊಬ್ಬನೂ ಕೋಟಿಶಿಲೆಯನ್ನು ಎತ್ತಬೇಕು. ಮೊದಲನೆಯ ತ್ರಿಪೃಷ್ಠನಿಗೆ ಅದು ತಲೆಯ ಮೇಲಕ್ಕೇರಿತು. ಬರಬರುತ್ತ ಎತ್ತರ ತಗ್ಗಿ, ಕೊನೆಯವನಾದ ಕೃಷ್ಣನಿಗೆ ಏರಿದ್ದು ನಾಲ್ಕು ಅಂಗುಲ ಮಾತ್ರ. ಆದರೂ ಕೃಷ್ಣನು ವಾಸುದೇವನೇ. ಕಾಲ ಇಳಿಯುತ್ತಿರುವಾಗ ನಾಲ್ಕು ಅಂಗುಲವೂ ಸಾಧನೆಯೆಂದು ಪುರಾಣ ಒಪ್ಪುತ್ತದೆ. ಪಕ್ಕದವನ ಬಾರ್‌ಬೆಲ್ಲನ್ನು ನೋಡಿ ತನ್ನದಕ್ಕೆ ತೂಕ ಏರಿಸಿ ಬೆನ್ನು ನೋಯಿಸಿಕೊಳ್ಳುವ ತರುಣನೂ, ನೆರೆಯ ರಾಷ್ಟ್ರದ ಆಯುಧಗಳನ್ನು ಎಣಿಸುತ್ತ ನಿದ್ದೆಗೆಡುವ ರಾಷ್ಟ್ರವೂ ಈ ಅಳತೆಯನ್ನು ನೆನೆಯಬಹುದು.

ಇಷ್ಟಕ್ಕೇ ನಿಂತರೆ ನಾವು ಕಥೆಯನ್ನು ಅರ್ಧ ಓದಿದಂತೆ. ಕೋಟಿಶಿಲೆಯನ್ನೆತ್ತಿದ ಲಕ್ಷ್ಮಣನು ರಾವಣನನ್ನು ಕೊಂದು, ಮೂರು ಖಂಡಗಳನ್ನಾಳಿ, ಕೊನೆಗೆ ನರಕಕ್ಕೆ ಹೋಗುತ್ತಾನೆ. ಮೋಕ್ಷ ರಾಮನಿಗೆ, ಲಕ್ಷ್ಮಣನಿಗಲ್ಲ. ಆಧುನಿಕ ಓದುಗನನ್ನು ಈ ಮುಕ್ತಾಯ ತಬ್ಬಿಬ್ಬುಗೊಳಿಸುತ್ತದೆ. ಲಕ್ಷ್ಮಣನ ಪಾಪವೇನು ಎಂದು ಪ್ರತಿ ವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಾನೆ. ಉತ್ತರ ಸರಳ. ಅವನು ಬಂಡೆಯನ್ನು ಎತ್ತಿದ, ಕಷಾಯಗಳನ್ನು ಇಳಿಸಲಿಲ್ಲ. ಜಗತ್ತನ್ನು ಗೆದ್ದ ಬಲ ಕ್ರೋಧ, ಮಾನ, ಮಾಯೆ, ಲೋಭಗಳ ವಶದಲ್ಲಿಯೇ ಉಳಿಯಿತು. ಭಾರವನ್ನೆತ್ತುವುದೇ ಆತ್ಮಜಯ ಎನ್ನುವವರಿಗೆ ಇದು ನೇರವಾದ ಎಚ್ಚರಿಕೆ.

ಹಾಗೆಂದು ಜೈನದರ್ಶನ ದೇಹಬಲವನ್ನು ಹೀಗಳೆಯುತ್ತದೆಯೆಂದು ಭಾವಿಸುವುದು ಇನ್ನೂ ದೊಡ್ಡ ತಪ್ಪು. ಮೋಕ್ಷಗಾಮಿಗೆ ವಜ್ರವೃಷಭನಾರಾಚ ಸಂಹನನ, ಎಂದರೆ ವಜ್ರದಂತಹ ಮೂಳೆಗಟ್ಟಿನ ದೇಹ, ಬೇಕೇ ಬೇಕೆಂದು ಕರ್ಮಸಿದ್ಧಾಂತ ಹೇಳುತ್ತದೆ. ಪರಮ ಧ್ಯಾನವನ್ನು ದುರ್ಬಲ ಶರೀರ ತಾಳಲಾರದು. ಆದರೆ ಅದೇ ಪರಂಪರೆಯ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಂಟು ಮದಗಳನ್ನು ಎಣಿಸುವಾಗ ಬಲದ ಮದ, ಶರೀರದ ಮದ ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತಾರೆ. ಎತ್ತಬಲ್ಲೆನೆಂಬ ಹೆಮ್ಮೆ ಬೇರೆ, ಕನ್ನಡಿಯಲ್ಲಿ ಕಾಣುವ ಮೈಯ ಹೆಮ್ಮೆ ಬೇರೆ. ಜಿಮ್ಮಿನ ಗೋಡೆಯ ತುಂಬ ಕನ್ನಡಿಯಿರುವುದನ್ನು ನೋಡಿದರೆ ಆಚಾರ್ಯರ ವರ್ಗೀಕರಣದ ಸೂಕ್ಷ್ಮತೆ ಅರ್ಥವಾಗುತ್ತದೆ. ಆ ಪಟ್ಟಿಯಲ್ಲಿ ತಪಸ್ಸಿನ ಮದವೂ ಇದೆ. ನಮ್ಮಂತಹವರು ಬೇರೆಯವರ ಕಡೆ ಬೆರಳು ತೋರಿಸದಿರಲೆಂದೇ ಅದನ್ನು ಸೇರಿಸಿರಬೇಕು.

ಬಲವನ್ನು ವಶದಲ್ಲಿಟ್ಟುಕೊಂಡವನ ಕಥೆ ಯಾವುದೆಂದು ಕೇಳಿದರೆ, ಹುಣಸೂರು ತಾಲ್ಲೂಕಿನವರು ದೂರ ಹೋಗಬೇಕಾಗಿಲ್ಲ. ಬಿಳಿಕೆರೆಯ ಸಮೀಪದ ಗೊಮ್ಮಟಗಿರಿಯಲ್ಲಿ, ಸ್ಥಳೀಯರು ಶ್ರವಣಗುಡ್ಡವೆನ್ನುವ ಒಂಟಿ ಬಂಡೆಯ ಮೇಲೆ, ಸುಮಾರು 16 ಅಡಿಯ ಬಾಹುಬಲಿ ನಿಂತಿದ್ದಾನೆ. ಶ್ರವಣಬೆಳಗೊಳದ ಭವ್ಯತೆ ಇಲ್ಲಿಲ್ಲ. ಆದುದರಿಂದಲೇ ಇಲ್ಲಿ ಅವನ ಮುಖವನ್ನು ಹತ್ತಿರದಿಂದ ನೋಡಬಹುದು. ಇವನ ಹೆಸರೇ ತೋಳ್ಬಲ. ಇಂದು ವ್ಯಾಯಾಮಶಾಲೆಗಳ ಫಲಕಗಳಿಗೂ ಚಲನಚಿತ್ರಕ್ಕೂ ಈ ಹೆಸರು ಸುಲಭವಾಗಿ ಒದಗುವುದು ಅದಕ್ಕೇ.

ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ‘ಪೂರ್ವಪುರಾಣ’ವೂ 941ರ ಪಂಪನ ‘ಆದಿಪುರಾಣ’ವೂ ಹೇಳುವ ಕಥೆ ಎಲ್ಲರಿಗೂ ಗೊತ್ತು. ಭರತ-ಬಾಹುಬಲಿಯರ ಸೈನ್ಯಗಳು ಎದುರಾದಾಗ ಮಂತ್ರಿಗಳು ಯೋಚಿಸುತ್ತಾರೆ: ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು, ಇವರಿಗೆ ಸಾವಿಲ್ಲ, ಸಾಯುವುದು ಸೈನ್ಯ. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಯುದ್ಧದ ಭಾರವನ್ನು ಅದನ್ನು ಬಯಸಿದವರ ಮೈಮೇಲೆಯೇ ಹೊರಿಸುವ ಈ ಉಪಾಯದಷ್ಟು ನ್ಯಾಯವಾದದ್ದನ್ನು ಇಂದಿನ ಅಂತರರಾಷ್ಟ್ರೀಯ ಸಂಸ್ಥೆಗಳೂ ಕಂಡುಹಿಡಿದಿಲ್ಲ. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಮೇಲಕ್ಕೆತ್ತುತ್ತಾನೆ. ನೆಲಕ್ಕೆ ಅಪ್ಪಳಿಸಬಹುದಿತ್ತು, ಅಪ್ಪಳಿಸುವುದಿಲ್ಲ. ಜ್ಯೇಷ್ಠನೆಂಬ ಗೌರವದಿಂದ ಇಳಿಸುತ್ತಾನೆ. ಭಾರವನ್ನು ಎತ್ತಿದ ವೇಗದಲ್ಲಿಯೇ ಬಿಟ್ಟುಬಿಡುವುದು ಸುಲಭ, ಬಿಗಿ ತಪ್ಪದೆ ನಿಧಾನವಾಗಿ ಇಳಿಸುವುದು ಕಷ್ಟ. ಇದನ್ನು ಗರಡಿಯ ಉಸ್ತಾದನೂ ಜಿಮ್ಮಿನ ತರಬೇತುದಾರನೂ ಒಂದೇ ರೀತಿ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಬಾಹುಬಲಿಯ ತಪಸ್ಸು ಆರಂಭವಾಗುವುದು ಕಾಡಿನಲ್ಲಲ್ಲ, ಆ ಇಳಿಸುವಿಕೆಯಲ್ಲಿ.

ಆದರೆ ಅವನ ಕೆಲಸವೂ ಅಲ್ಲಿಗೆ ಮುಗಿಯುವುದಿಲ್ಲ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತು, ಬಳ್ಳಿ ಹಬ್ಬಿ ಹುತ್ತ ಬೆಳೆದರೂ ಕೇವಲಜ್ಞಾನ ಬರಲಿಲ್ಲ. ಜಿನಸೇನರ ಪ್ರಕಾರ ತನ್ನಿಂದ ಭರತನಿಗೆ ಕ್ಲೇಶವಾಯಿತೆಂಬ ನೋವು ಒಳಗೆ ಉಳಿದಿತ್ತು. ಶ್ವೇತಾಂಬರ ಪರಂಪರೆಯಲ್ಲಿ ಉಳಿದದ್ದು ಮಾನಕಷಾಯ, ಆನೆಯ ಮೇಲಿಂದ ಇಳಿ ಎಂದು ತಂಗಿಯರಾದ ಬ್ರಾಹ್ಮೀ-ಸುಂದರಿಯರು ಬಂದು ಎಚ್ಚರಿಸಬೇಕಾಯಿತು. ಎರಡು ಪಾಠಗಳೂ ಒಪ್ಪುವ ಅಂಶ ಒಂದಿದೆ: ಜಗತ್ತಿನ ಅತಿ ಬಲಿಷ್ಠ ದೇಹಕ್ಕೂ ಎತ್ತಿಹಾಕಲು ಕಷ್ಟವಾದದ್ದು ಕಣ್ಣಿಗೆ ಕಾಣದ ಒಂದು ಸಣ್ಣ ಭಾವ. ಹದಿನಾರನೆಯ ಶತಮಾನದ ರತ್ನಾಕರವರ್ಣಿ ಇನ್ನೂ ಮುಂದೆ ಹೋಗಿ ‘ಭರತೇಶವೈಭವ’ದಲ್ಲಿ ಮಲ್ಲಯುದ್ಧವನ್ನೇ ತೆಗೆದುಹಾಕಿದ. ಅವನ ಭರತ ಕಿರುಬೆರಳಿಗೆ ಕಟ್ಟಿದ ಸರಪಣಿಯಿಂದ ಇಡೀ ಸೈನ್ಯವನ್ನು ಎಳೆಯಬಲ್ಲವನು. ತಮ್ಮನನ್ನು ಮಾತ್ರ ಮಾತಿನಿಂದಲೇ ಗೆಲ್ಲುತ್ತಾನೆ.

ಬಲಿಷ್ಠನಾದ ಆಪ್ತನನ್ನು ಕಂಡು ಹುಟ್ಟುವ ಭಯವನ್ನೂ ಪರಂಪರೆ ಬಲ್ಲದು. ಹುಣಸೂರು ಸೀಮೆಯ ಕಲ್ಲಹಳ್ಳಿಯಲ್ಲಿ ಪ್ರಭುವಾಗಿದ್ದ, ಚಂಗಾಳ್ವರ ಮಂತ್ರಿಕುಲದಲ್ಲಿ ಹುಟ್ಟಿದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ‘ನೇಮಿಜಿನೇಶಸಂಗತಿ’ಗೆ ಆರಿಸಿಕೊಂಡ ನೇಮಿನಾಥನ ಕಥೆ ಅದು. ಸಭೆಯಲ್ಲಿ ಯಾರು ಬಲಿಷ್ಠರೆಂಬ ಮಾತು ಬಂದಾಗ ನೇಮಿಯ ಪಾದವನ್ನು ಕದಲಿಸಲು ಕೃಷ್ಣನಿಗೆ ಆಗಲಿಲ್ಲವೆಂದು ‘ಹರಿವಂಶಪುರಾಣ’ ಹೇಳುತ್ತದೆ. ಈ ದಾಯಾದಿ ತನ್ನ ರಾಜ್ಯವನ್ನು ಕಸಿದಾನೆಂಬ ಶಂಕೆಯಿಂದ ಕೃಷ್ಣನೇ ಮದುವೆಯ ದಾರಿಯಲ್ಲಿ ಪ್ರಾಣಿಗಳನ್ನು ಕೂಡಿಹಾಕಿಸಿ ಅವನಿಗೆ ವೈರಾಗ್ಯ ಹುಟ್ಟುವಂತೆ ಮಾಡಿದನೆಂದು ಗುಣಭದ್ರರ ‘ಉತ್ತರಪುರಾಣ’ ಹೇಳುತ್ತದೆ. ನೇಮಿಗೆ ರಾಜ್ಯದ ಆಸೆಯೇ ಇರಲಿಲ್ಲ. ಸಂಯಮಿಯ ಬಲವನ್ನೂ ಶಂಕಿಸುವುದು ಅಧಿಕಾರದ ಸ್ವಭಾವ. ಸಣ್ಣ ರಾಜ್ಯದ ಪ್ರಭುವಾಗಿದ್ದ ಮಂಗರಸನಿಗೆ ಇದು ಪುಸ್ತಕದ ಮಾತಾಗಿರಲಾರದು.

ಇದೇ ಸೀಮೆಯ ಚರಿತ್ರೆಯನ್ನು ನೋಡಿ. ಟಿಪ್ಪುವಿಗೆ ಅಂಜಿದ ಕೊಡಗಿನ ದೊಡ್ಡವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. 1799ರ ಮಾರ್ಚ್ 6ರಂದು ಪಿರಿಯಾಪಟ್ಟಣದ ಗಡಿಯ ಸಿದ್ಧೇಶ್ವರದಲ್ಲಿ ಟಿಪ್ಪು ಕಂಪನಿಯ ಮುಂಬಯಿ ಸೈನ್ಯದ ಮೇಲೆರಗಿ ಹಿಮ್ಮೆಟ್ಟಿದ. ಆ ಸೈನ್ಯ ಬಂದದ್ದು ಕೊಡಗಿನ ಹಾದಿಯಿಂದ. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. 1834ರಲ್ಲಿ ಅದೇ ಕಂಪನಿ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿತು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನೂ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನೂ ಸಾಹಿತ್ಯದ ವಿದ್ಯಾರ್ಥಿಗಳು ಒಟ್ಟಿಗೆ ಇಟ್ಟುಕೊಂಡು ಓದಬೇಕೆಂದು ನಾನು ಹೇಳುವುದು ಇದಕ್ಕಾಗಿ. ಮೊದಲನೆಯದರಲ್ಲಿ ಕಾಡುಕುರುಬರೆಂಬ ಸಣ್ಣ ಸಮುದಾಯ ರಣಧೀರ ಕಂಠೀರವನ ಕಾಲದ ದೊಡ್ಡ ಅಧಿಕಾರದ ಎದುರು ತನ್ನತನವನ್ನು ಬಿಡದೆ ನಿಲ್ಲುತ್ತದೆ. ಎರಡನೆಯದರಲ್ಲಿ ಅರಸ ತನ್ನ ಚಪಲಗಳಿಗೆ ತಾನೇ ಸೋತಿದ್ದಾನೆ; ಕಂಪನಿಗೆ ಉಳಿದದ್ದು ಬಾಗಿಲು ತಳ್ಳುವ ಕೆಲಸ. ರಣಧೀರನ ಬಗ್ಗೆ ಒಂದು ಐತಿಹ್ಯವಿದೆ: ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಹೆಸರಾಂತ ಜಟ್ಟಿಯನ್ನು ಸೋಲಿಸಿ, ಬಹುಮಾನಕ್ಕೆ ಕಾಯದೆ ಹಿಂದಿರುಗಿದನಂತೆ. ಮೈಸೂರು ತನ್ನ ಮಲ್ಲ-ಅರಸನನ್ನು ನೆನೆಯುವಾಗ ಗೆಲುವಿನ ಜೊತೆಗೆ ಬಹುಮಾನ ಬಿಟ್ಟದ್ದನ್ನೂ ನೆನೆಯುತ್ತದೆ.

ಕಾಕನಕೋಟೆಯ ಹೆಸರು ಹೊರಜಗತ್ತಿಗೆ ತಿಳಿದದ್ದು ಖೆಡ್ಡಾದಿಂದ. 1971ರ ಕೊನೆಯ ಖೆಡ್ಡಾದವರೆಗೂ ಇಲ್ಲಿ ಕಾಡಾನೆಗಳನ್ನು ಹಿಡಿಯಲು ಪಳಗಿದ ಆನೆಗಳೇ ಬೇಕಾಗುತ್ತಿದ್ದುವು. ನೆಲದ ಮೇಲಿನ ಅತಿ ಬಲಿಷ್ಠ ಪ್ರಾಣಿ ತನ್ನ ಕುಲವನ್ನೇ ಕಟ್ಟಿಹಾಕುವ ಕೆಲಸಕ್ಕೆ ಬಂದುದು ಬಲ ಕಡಿಮೆಯಾಗಿ ಅಲ್ಲ. ಆ ಬಲ ಮತ್ತೊಬ್ಬರ ಅಂಕುಶಕ್ಕೆ ಸೇರಿಹೋದ್ದರಿಂದ. ಸೈನ್ಯವಿದ್ದೂ ಸ್ವಂತ ನಿರ್ಣಯವಿಲ್ಲದ ರಾಷ್ಟ್ರಗಳನ್ನು ಕಂಡಾಗ ನನಗೆ ಈ ಆನೆಗಳು ನೆನಪಾಗುತ್ತವೆ.

ರಾಷ್ಟ್ರ ಮುನಿಯಲ್ಲ, ಅದಕ್ಕೆ ಆತ್ಮಜಯದ ಉಪದೇಶ ವ್ಯರ್ಥ ಎಂಬ ಆಕ್ಷೇಪ ಸಹಜ. ನಾನು ರಾಷ್ಟ್ರಕ್ಕೆ ಮಹಾವ್ರತವನ್ನು ಕೇಳುತ್ತಿಲ್ಲ. ಶ್ರಾವಕನ ಅಣುವ್ರತದ ಮಟ್ಟದಲ್ಲಿಯೇ ಮಾತನಾಡುತ್ತಿದ್ದೇನೆ. 1966ರಲ್ಲಿ ಭಾರತ ಸುಮಾರು ಒಂದು ಕೋಟಿ ಟನ್ ಆಹಾರಧಾನ್ಯವನ್ನು ಆಮದು ಮಾಡಿಕೊಳ್ಳಬೇಕಾಯಿತು. ವಿಯೆಟ್ನಾಂ ಯುದ್ಧದ ಬಗ್ಗೆ ನಾವು ಆಡುವ ಮಾತಿಗೂ ಅಮೆರಿಕದ ಗೋಧಿಯ ಹಡಗು ಬರುವ ದಿನಕ್ಕೂ ಸಂಬಂಧವಿತ್ತು. ಅಲಿಪ್ತ ನೀತಿಯ ಘೋಷಣೆ ಆಗಲೂ ಇತ್ತು. ಅದನ್ನು ಹೊರುವ ಬೆನ್ನು ಇರಲಿಲ್ಲ. ಆ ಬೆನ್ನು ಬಂದದ್ದು ಬೀಜ, ನೀರು, ಗೊಬ್ಬರ, ಸಂಶೋಧನೆಗಳಿಂದ, ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ. ತರುಣನೊಬ್ಬ ಪ್ರತಿವಾರ ಸ್ವಲ್ಪ ತೂಕ ಏರಿಸಿಕೊಳ್ಳುವಂತೆಯೇ. ಇಂದು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ರೈತ ವರ್ಜೀನಿಯಾ ತಂಬಾಕು ಬೆಳೆದು ಹರಾಜು ಮಾರುಕಟ್ಟೆಯಲ್ಲಿ ನಿಲ್ಲುತ್ತಾನೆ. ಅವನ ಎಲೆಯ ಬೆಲೆಯನ್ನು ಬಹುಮಟ್ಟಿಗೆ ನಿಶ್ಚಯಿಸುವುದು ಹೊರದೇಶದ ಬೇಡಿಕೆ. ರಾಜಧಾನಿಗಳಲ್ಲಿ ಕೂಟ ಬದಲಾದರೆ ಪೆಟ್ಟು ಇಂತಹ ರೈತನಿಗೆ ಮೊದಲು ಬೀಳುತ್ತದೆ. ಅವನಿಗೆ ಬೇರೆ ಬೆಳೆಯ ಭದ್ರವಾದ ಹಾದಿಯನ್ನು ತೋರಿಸದೆ ವಿದೇಶಾಂಗ ನೀತಿಯ ಸ್ವಾತಂತ್ರ್ಯವನ್ನು ಕೊಂಡಾಡುವುದರಲ್ಲಿ ಹುರುಳಿಲ್ಲ.

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಇಷ್ಟೇ ದೂರ ಹೋಗುವೆನೆಂದು, ಯಾರೂ ತಡೆಯದಿರುವಾಗ, ತಾನೇ ಗಡಿ ಹಾಕಿಕೊಳ್ಳುವುದು. ಪ್ರಬಲವಾಗುತ್ತಿರುವ ರಾಷ್ಟ್ರಕ್ಕೆ ಇದಕ್ಕಿಂತ ತಕ್ಕ ವ್ರತವನ್ನು ನಾನು ಕಾಣೆ. ನಡೆಯಲಾರದವನು ಮನೆಯಲ್ಲಿಯೇ ಕೂತರೆ ಅದು ದಿಗ್ವ್ರತವಾಗದು. ವ್ರತಕ್ಕೆ ಬೆಲೆ ಬರುವುದು ಕಾಲಿನಲ್ಲಿ ಬಲವಿದ್ದಾಗ. ಶ್ರಾವಕನ ಹನ್ನೊಂದು ಪ್ರತಿಮೆಗಳೂ ಹೀಗೆಯೇ ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಕೆಳಗಿನದನ್ನು ಬಿಟ್ಟು ಮೇಲಿನದನ್ನು ಹೊರುವಂತಿಲ್ಲ. ದೇಹಸಾಧನೆ ಮಾಡುವ ತರುಣರಿಗೆ ಈ ಕ್ರಮವನ್ನು ವಿವರಿಸಬೇಕಾಗಿಯೇ ಇಲ್ಲ. ಅವರಿಗೆ ನಾನು ಸೇರಿಸುವುದು ಒಂದೇ ಪ್ರಶ್ನೆ: ಆರು ತಿಂಗಳಲ್ಲಿ ಎತ್ತುವ ತೂಕ ಹೆಚ್ಚಿದಂತೆ ಮನೆಯಲ್ಲಿ ಸಿಟ್ಟು ಕಡಿಮೆಯಾಯಿತೇ?

ಕೊನೆಯದಾಗಿ ನಮ್ಮವರಿಗೇ ಒಂದು ಮಾತು. ಭಾರತ ಎಲ್ಲ ಕೂಟಗಳಲ್ಲಿಯೂ ಇರುವುದನ್ನು ‘ಅನೇಕಾಂತದ ರಾಜನೀತಿ’ ಎಂದು ವರ್ಣಿಸುವ ಅಭ್ಯಾಸ ಜೈನ ವೇದಿಕೆಗಳಲ್ಲಿ ಬೆಳೆಯುತ್ತಿದೆ. ಇದು ಅನೇಕಾಂತಕ್ಕೂ ರಾಜನೀತಿಗೂ ಅನ್ಯಾಯ. ಅನೇಕಾಂತ ವಸ್ತುವಿನ ಅನಂತಧರ್ಮಗಳನ್ನು ಅರಿಯುವ ಜ್ಞಾನಮಾರ್ಗ. ಲಾಭವಿರುವೆಡೆಯೆಲ್ಲ ಹೆಜ್ಜೆಯಿಡುವುದಕ್ಕೆ ಅದು ಪರವಾನಗಿಯಲ್ಲ. ಅನೇಕ ಮಿತ್ರರಿರುವುದು ಜಾಣತನವಿರಬಹುದು, ಅಗತ್ಯವೂ ಇರಬಹುದು. ಅದನ್ನು ಅಳೆಯಬೇಕಾದ ಕೋಲು ಮಾತ್ರ ಕೋಟಿಶಿಲೆಯದು ಮತ್ತು ಗೊಮ್ಮಟನದು: ಸ್ವಂತ ಕೈಯಿಂದ ಎಷ್ಟು ಎತ್ತಿದೆವು, ಎತ್ತಿದ್ದನ್ನು ಹೇಗೆ ಇಳಿಸಿದೆವು.

ಚಿಕ್ಕಹನಸೋಗೆಯ ಶಾಸನದಲ್ಲಿ ಅಧಿರಾಜನ ಹೆಸರನ್ನು ಮುಂದಿಟ್ಟುಕೊಂಡ ಆ ಅರಸನ ಸ್ವಂತ ಹೆಸರು ನನ್ನಿ. ಹಳಗನ್ನಡದಲ್ಲಿ ನನ್ನಿಯೆಂದರೆ ಸತ್ಯ. ಮುಂದಿದ್ದ ಹೆಸರಿನ ಸಾಮ್ರಾಜ್ಯ ಅಳಿಯಿತು. ನಾವು ಇಂದಿಗೂ ಅವನನ್ನು ಗುರುತಿಸುವುದು ಸ್ವಂತ ಹೆಸರಿನಿಂದ, ಮತ್ತು ಅವನು ಎತ್ತಿ ನಿಲ್ಲಿಸಿದ ಕಲ್ಲುಗಳಿಂದ.